ಕಾರಣ ಕೇಳಲು ಬಂದ ಇಲಿಗಳು

ಸತ್ತವರು ತಮ್ಮ ಸಾವಿನ ಕಾರಣ ಬಲ್ಲವರನ್ನು ಹುಡುಕಿಕೊಂಡು ಬರುವುದು ಆ ಕಾಲದಲ್ಲಿ ಹೊಸದೇನಲ್ಲ. ನಿಜ ಹೇಳಿದರೆ ಹೊರಟುಹೋಗುತ್ತಿದ್ದರು, ಸುಳ್ಳು ಹೇಳಿದರೆ ಅಲ್ಲೇ ಕೂತಿರುತ್ತಿದ್ದರು. ಧಾರವಾಡದ ಪ್ರಯೋಗಾಲಯವೊಂದರಲ್ಲಿ ಸತ್ತ ಇಲಿಗಳನ್ನು ಕೊಯ್ದು ನೋಡುವ ರೋಹಿಣಿ ಹೆರಕಲ್‌ಗೆ ಇದು ಬೆಳಗಿನ ಚಹಾದಷ್ಟೇ ರೂಢಿ. ಪಂಜರದ ಮುಂದೆ ಬಗ್ಗಿ, "ಲಿವರ್ ಕೆಟ್ಟಿತ್ತವ್ವಾ" ಎಂದರೆ ಸಾಕು, ಇಲಿ ಮೀಸೆ ಒರೆಸಿಕೊಂಡು ಗೋಡೆಯೊಳಗೆ ನಡೆದುಬಿಡುತ್ತಿತ್ತು.

ದ್ರಾಕ್ಷಿಯ ಬೂದಿರೋಗಕ್ಕೆಂದು ತಯಾರಾದ ಹೊಸ ಶಿಲೀಂಧ್ರನಾಶಕ ತಿಂದು ಸತ್ತ ಇಲಿಗಳು ಮಾತ್ರ ಹೋಗಲಿಲ್ಲ. ಮರದ ಹೊಟ್ಟಿನ ಮೇಲೆ ಕುಕ್ಕರಗಾಲಲ್ಲಿ ಕೂತು ಉಚ್ಚೆ ಹೊಯ್ಯಲು ತಿಣುಕುತ್ತಿದ್ದವು. ಹೊಟ್ಟು ಒದ್ದೆಯಾಗುತ್ತಿರಲಿಲ್ಲ.

"ಏನಂತ ಹೇಳೀರಿ ಇವಕ್ಕ?" ಎಂದರು ಮೇಲಧಿಕಾರಿ ಇನಾಮದಾರ.

"ನೀವು ವರದಿಯಾಗ ಬರೀರಿ ಅಂದದ್ದನ್ನ. ಮುಪ್ಪಾಗಿ ಸತ್ತೀರಿ ಅಂತ."

"ನಾಳೆ ಔಷಧ ಪ್ಯಾಟಿಗೆ ಹೋಗ್ತದ, ಪ್ರಯೋಗಾಲಯ ನೋಡಾಕ ಮಂದಿ ಬರ್ತಾರ. ಖರೇನ ಹೇಳಿ ಕಳಸ್ರಿ, ಸಣ್ಣಗ. ವರದಿ ಹಂಗ ಇರಲಿ."

ರೋಹಿಣಿಗೆ ನೌಕರಿ ಉಳಿಯಬೇಕಿತ್ತು. ಪಂಜರಕ್ಕೆ ಬಾಯಿ ಹಚ್ಚಿ ಪಿಸುಗುಟ್ಟಿದಳು: "ಔಷಧದಿಂದ ಮೂತ್ರಚೀಲ ಹುಣ್ಣಾಗಿತ್ರಪಾ, ರಕ್ತ ಕಟ್ಟಿತ್ತು." ಇಲಿಗಳು ಸಾಲಾಗಿ ಹೊರಟುಹೋದವು. ಅವಳು ಕೈ ತೊಳೆದುಕೊಂಡಳು.

ದ್ರಾಕ್ಷಿ ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ, ಪಂಜರಗಳ ನಡುವೆ ತೋಟದಾಳೊಬ್ಬ ಕಿಬ್ಬೊಟ್ಟೆ ಒತ್ತಿಕೊಂಡು ನಿಂತಿದ್ದ. ಔಷಧ ಹೊಡೆಯುವ ಪಂಪು ಇನ್ನೂ ಬೆನ್ನ ಮೇಲಿತ್ತು. ರೋಹಿಣಿ ಅವನ ಕಿವಿಯ ಹತ್ತಿರ ಬಗ್ಗಿದಳು.

"ಜೋರಾಗಿ ಹೇಳ್ರಿ ಅಕ್ಕಾರ," ಎಂದ ಅವನು. "ಹಿಂದ ಇನ್ನೂ ಮಂದಿ ಬರಾಕತ್ತಾರ."