ತಿಕ್ಕಿದ ವೀರಗಲ್ಲು

ವೀರಗಲ್ಲಿನಲ್ಲಿ ಒಂದು ಮುಖ ಸವೆದುಹೋದರೆ, ಅಲ್ಲಿ ಕೆತ್ತಿದ ಹಳೆಯ ಕಾಳಗ ಊರಿನ ಇನ್ನೊಬ್ಬರನ್ನು ಕರೆದೊಯ್ಯುತ್ತಿತ್ತು. ಅದಕ್ಕೇ ಆ ಊರಲ್ಲಿ ಯಾರೂ ಕಲ್ಲಿಗೆ ನೀರು ಸಹ ಹಾಕುತ್ತಿರಲಿಲ್ಲ. ಪರವೂರಿಂದ ಬಂದ ಹೊಸ ಸೊಸೆ ಕಮಲವ್ವ ಮಾತ್ರ ಹಬ್ಬವೆಂದು ಇಟ್ಟಿಗೆ ಪುಡಿ ಹಾಕಿ ತಿಕ್ಕಿಬಿಟ್ಟಿದ್ದಳು.

"ದೇವ್ರ ಕಲ್ಲು ಅಂತ ತಿಳದಿದ್ನಿರಿ, ಅತ್ತಿ."

ಅತ್ತೆ ಫಕೀರವ್ವ ಕಲ್ಲಿನ ಹತ್ತಿರ ಓಡಿದಳು. ಮೇಲೆ ಆನೆಯೇರಿದ ಅರಸನ ಮೀಸೆಯೂ ಮಾಸಿರಲಿಲ್ಲ. ಅರಸರ ಮುಖ ಎಂದೂ ಸವೆದದ್ದಿಲ್ಲ. ಕೆಳಗೆ, ಹೆಸರಿಲ್ಲದೆ ಸತ್ತ ಬಿಲ್ಲುಗಾರನ ಮುಖ ಬೋಳಾಗಿ, ಅಲ್ಲಿ ಹೊಸದೊಂದು ಮೂಡುತ್ತಿತ್ತು. ಹೋದ ವರ್ಷ ಹೀಗೆ ಮುಖ ಮೂಡಿದ ನೇಕಾರ, ಉಣ್ಣುವ ತಟ್ಟೆ ಬಿಟ್ಟು ಎದ್ದುಹೋದವನು ಮರಳಿರಲಿಲ್ಲ.

ಮೊದಲು ಗಲ್ಲದ ಕುಳಿ ಕಂಡಿತು.

"ಅಯ್ಯೋ, ನನ್ನ ಮಗಾ!" ಫಕೀರವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಕಮಲವ್ವ ಬಾಗಿ ನೋಡಿದಳು. "ಅವರಲ್ರೀ ಅತ್ತಿ. ಅವರ ಮೂಗು ಹಿಂಗಿಲ್ಲ."

ಫಕೀರವ್ವ ತಲೆಯೆತ್ತಿದಳು. ಗಲ್ಲ ಮಗನದೇ, ಆದರೆ ಮೂಗು ಸೊಸೆಯದು. ಮೀಸೆ ಈಗಷ್ಟೇ ಚಿಗುರಿದ, ಅವಳು ಎಂದೂ ಕಾಣದ ಹುಡುಗನ ಮುಖವದು.

ಅವಳು ಸೊಸೆಯತ್ತ ತಿರುಗಿದಳು. ಕಮಲವ್ವನ ಎರಡೂ ಕೈಗಳು ಆಗಲೇ ಹೊಟ್ಟೆಯನ್ನು ಮುಚ್ಚಿಕೊಂಡಿದ್ದವು.