ಹದಿನಾರು ಔನ್ಸಿನ ಜೋಡಿ

ಹುಡುಗಿ ಹೊಡೆದಳು. ಬ್ಯಾಗ್ ಅಲ್ಲಾಡಲಿಲ್ಲ.

ನನ್ನ ಅಂಗಡಿಯ ಪಂಚಿಂಗ್ ಬ್ಯಾಗ್ ಅಂತಿಂಥದ್ದಲ್ಲ. ಬಾಕ್ಸಿಂಗ್ ಗ್ಲೌಸ್ ಕೊಳ್ಳಲು ಬಂದವರು ಹೊಡೆದು ನೋಡಲಿ ಎಂದು ನಾನೇ ತೂಗುಹಾಕಿದ್ದು. ಆನೆಯಷ್ಟು ಭಾರ, ಆದರೆ ಸೊಳ್ಳೆ ಕೂತು ಎದ್ದರೂ ತೂಗುವಷ್ಟು ಸಲೀಸು. ಹರೆಯದಲ್ಲಿ ನಾನು ಕೊಟ್ಟ ಒಂದೇ ಏಟಿಗೆ ಅದು ಹೋಗಿ ಸೂರಿಗೆ ಬಡಿದು, ಮಹಡಿಯ ಮನೆಯವರು ಭೂಕಂಪವೆಂದು ಮಕ್ಕಳುಮರಿ ಸಮೇತ ಬೀದಿಗೆ ಓಡಿ ಬಂದಿದ್ದರು. ಕೈ ನೋಡಿದರೆ ಸಾಕು, ಯಾವ ಗ್ಲೌಸ್ ಎಂದು ಹೇಳಬಲ್ಲೆ. ಕೈ ಯಾಕೆ, ಬಾಗಿಲು ತಳ್ಳುವ ಸದ್ದಿಗೇ ಹೇಳಬಲ್ಲೆ.

ಈ ಹುಡುಗಿ ಬಾಗಿಲು ತಳ್ಳಿದಾಗಲೇ ಹತ್ತು ಔನ್ಸಿನ ಜೋಡಿ ತೆಗೆದಿಟ್ಟಿದ್ದೆ. ಅವಳ ಅಮ್ಮ ತೀರಿಕೊಂಡಾಗಿನಿಂದ, ಅಭ್ಯಾಸದಲ್ಲಿ ಎಷ್ಟು ಜಪ್ಪಿದರೂ ಬ್ಯಾಗ್ ತೂಗುವುದಿಲ್ಲವಂತೆ. ಕೈಯಲ್ಲಿ ಜೀವವೇ ಇಲ್ಲ, ಹೀಗೇ ಆದರೆ ಬರುವ ಪಂದ್ಯಕ್ಕೆ ನೀನಿಲ್ಲ ಎಂದು ಕೋಚ್ ಮುಖಕ್ಕೆ ಹೊಡೆದಂತೆ ಹೇಳಿದ್ದಾರಂತೆ. ಹಳೆಯ ಗ್ಲೌಸ್ ಸವೆದಿರಬೇಕೆಂಬುದು ಅವಳ ಲೆಕ್ಕ. ಈ ಪಂದ್ಯ ತಪ್ಪಿದರೆ ವಯಸ್ಸು ಮೀರುತ್ತದೆ, ಮತ್ತೆ ಅವಕಾಶವಿಲ್ಲವಂತೆ.

"ನೋಡು ಮರಿ," ಎಂದಿದ್ದೆ, "ಬ್ಯಾಗಿಗಾದ್ರೆ ಹತ್ತು ಔನ್ಸಿಂದು, ತೆಳು, ಗಟ್ಟಿ. ಎದುರಿಗೆ ಮನುಷ್ಯರಿದ್ರೆ ಮಾತ್ರ ಹದಿನಾರರದ್ದು, ದಪ್ಪ, ದಿಂಬಿನ ಥರ. ಬ್ಯಾಗಿಗೇನು ನೋವಾಗತ್ತಾ?"

ಈಗ ಅದೇ ತೆಳು ಜೋಡಿ ಹಾಕಿಕೊಂಡು ಅವಳು ಮತ್ತೆ ಹೊಡೆದಳು. ಆ ಸದ್ದಿಗೆ ಗಾಜು ಝಲ್ಲೆಂದಿತು. ಇಡೀ ಬೀದಿಯ ಗಾಜು ಎನ್ನಬಹುದಿತ್ತು, ಆದರೆ ಇದರಲ್ಲಿ ಉಪ್ಪುಖಾರ ಬೇಡ: ನನ್ನ ಕಪಾಟಿನದು ಮಾತ್ರ. ಕೈಯಲ್ಲಿ ಜೀವ ಇತ್ತು, ಬೇಕಾದಷ್ಟಿತ್ತು. ಬ್ಯಾಗಿನ ಸರಪಳಿ ಮಾತ್ರ ಕಿರ್ರೆನ್ನಲೂ ಇಲ್ಲ.

ಕೊಂಡಿ ಎಲ್ಲೋ ಸಿಕ್ಕಿಕೊಂಡಿರಬೇಕೆಂದು ಗೊಣಗುತ್ತಾ ಬ್ಯಾಗಿನ ಹಿಂಬದಿಗೆ ಹೋದೆ. ಅಲ್ಲಿ ಚರ್ಮ ಒಳಕ್ಕೆ ಅದುಮಿಕೊಂಡಿತ್ತು. ಎರಡು ಪಕ್ಕದಲ್ಲಿ ಅಂಗೈಗಳ ಗುಳಿ, ನಡುವೆ ಭುಜದ್ದು, ಅದರ ಮೇಲೆ ಒಂದು ಕೆನ್ನೆಯದು. ಮುಟ್ಟಿದೆ. ಬೆಚ್ಚಗಿತ್ತು.

ಇನ್ನೊಂದು ಹೊಡಿ ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಅವಳಿಗೆ ಹೇಗೋ ಕೇಳಿಸಿತು. ಏಟು ಬಿತ್ತು. ಕೆನ್ನೆಯ ಗುಳಿ ಇನ್ನಷ್ಟು ಆಳವಾಯಿತು. ಭುಜದ ಗುಳಿ ಒಂದಿಷ್ಟೂ ಜರುಗಲಿಲ್ಲ.

"ನೀನು ಹೊಡೆಯೋವಾಗ ಆ ಕಡೆಯಿಂದ ಬ್ಯಾಗ್ ಹಿಡ್ಕೊಳ್ತಿದ್ದೋರು ಯಾರು?"

"ಅಮ್ಮ. ಹೀಗೇ ಕೆನ್ನೆ ಒತ್ಕೊಂಡು ನಿಲ್ತಿದ್ಲು. ಹಲ್ಲು ಉದುರ್ತವೆ ಕಣಮ್ಮ, ಮುಖ ಆಚೆ ಇಟ್ಕೋ ಅಂತ ಕೋಚ್ ಬೈತಿದ್ರು. ಅವಳು ಯಾರ ಮಾತು ಕೇಳ್ತಾಳೆ?"

ನನ್ನ ಮುಖದಲ್ಲಿ ಏನು ಕಂಡಳೋ, ಸುತ್ತಿ ಹಿಂಬದಿಗೆ ಬಂದಳು. ಬಹಳ ಹೊತ್ತು ನೋಡಿದಳು. ಗ್ಲೌಸಿನ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಬಿಚ್ಚಿ, ಬರಿಗೈಯನ್ನು ಕೆನ್ನೆಯ ಗುಳಿಯಲ್ಲಿಟ್ಟಳು. ನಾನು ಅಳುತ್ತಾಳೆಂದುಕೊಂಡೆ. ಅವಳು ತೆಳು ಜೋಡಿಯನ್ನು ನನ್ನ ಕೈಗೆ ತುರುಕಿದಳು.

"ಹದಿನಾರರದ್ದು ಕೊಡಿ ಅಂಕಲ್. ಇರೋದ್ರಲ್ಲೇ ಮೆತ್ತಗಿರೋದು."

ಮೀನಿಗೂ ಕೊಡೆ ಮಾರಿ ಬರುವ ಬಾಯಿ ನನ್ನದು. ಅದು ಅಂದು ತಡವರಿಸಿತು. "ಅದರಲ್ಲಿ ಹೊಡೆದ್ರೆ ಬ್ಯಾಗ್ ಇನ್ನೂ ಅಲ್ಲಾಡಲ್ಲ, ಮರಿ. ಕೋಚ್‌ಗೆ ಏನು ಹೇಳ್ತೀಯ?"

"ಬ್ಯಾಗ್ ಬಿಡಿ, ನೇರ ರಿಂಗಿಗೆ ಇಳಿಸಿ ನೋಡಿ ಅಂತೀನಿ. ಅಲ್ಲಿಗೆ ಅಮ್ಮ ಬರಲ್ಲ. ನಾನು ಏಟು ತಿನ್ನೋದು ನೋಡೋಕೆ ಅವಳಿಗೆ ಭಯ. ಯಾವತ್ತೂ ಬಂದೋಳಲ್ಲ."

ದಪ್ಪ ಜೋಡಿಯನ್ನು ಕಾಗದದಲ್ಲಿ ಸುತ್ತಿಕೊಟ್ಟೆ. ರಾಜಮಹಾರಾಜರು ಬಂದರೂ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದವನಲ್ಲ ನಾನು. ಅಂದು ಎದ್ದು ಹೋಗಿ ಬಾಗಿಲು ತೆರೆದೆ. ಹುಡುಗಿ ದಾಟಿದಳು. ನನ್ನ ಬೆನ್ನ ಹಿಂದೆ ಸರಪಳಿ ಕಿರ್ರೆಂದಿತು. ತಿರುಗಿದರೆ ಬ್ಯಾಗ್, ಹಿಡಿದಿದ್ದವರು ಆಗಷ್ಟೇ ಕೈಬಿಟ್ಟ ಹಾಗೆ, ಮೆಲ್ಲಗೆ ತೂಗುತ್ತಿತ್ತು.

ನಾನು ಗೋಡೆಗೆ ಒತ್ತಿಕೊಂಡು, ಇನ್ನೊಬ್ಬರು ದಾಟಿ ಹೋಗುವಷ್ಟು ಹೊತ್ತು ಬಾಗಿಲನ್ನು ಹಿಡಿದೇ ನಿಂತೆ.