ಸೇತುವೆಗೆ ಹತ್ತೇ ಹೆಜ್ಜೆ

ಮಧ್ಯಾಹ್ನದ ರೊಟ್ಟಿ ತಿನ್ನುವ ಹೊತ್ತಿಗೆ ಕಾಶವ್ವ ಎಂಟು ಸಲ ಸತ್ತಿದ್ದಳು. ವಿಡಿಯೊ ಆಟದ ವೀರನಾರಿಯ ಕೆಲಸವೇ ಅಂಥದ್ದು. ಆಡುವವರು ಗುಂಡಿ ಒತ್ತಿದತ್ತ ಮೈ ಓಡಬೇಕು, ಬಿದ್ದರೆ ಎಲುಬು ನಿಜವಾಗಿಯೂ ಮುರಿಯಬೇಕು, ಮತ್ತೆ ಮೊದಲ ಮೆಟ್ಟಿಲ ಮೇಲೆ ಎದ್ದು ನಿಲ್ಲಬೇಕು. ಆಡುವವರಿಗೆ ಅದೆಲ್ಲ ಬರೀ ಚಿತ್ರ, ಅದೂ ಬೆನ್ನು ಮಾತ್ರ. ಅವಳು ತಿರುಗುವಂತಿಲ್ಲ, ಮಾತಾಡುವಂತಿಲ್ಲ, ನೋವಾದರೆ ಕೂಗಬಹುದು. ಯಾರಾದರೂ ಕಡೆಯ ಸೇತುವೆ ದಾಟಿಸಿದ ದಿನ ಮನೆಗೆ ಹೋಗಬಹುದು. ಮೂರು ವರ್ಷದಿಂದ ಯಾರೂ ದಾಟಿಸಿರಲಿಲ್ಲ.

ಊಟವಾದ ಮೇಲೆ ಆಡಲು ಕೂತವಳ ದನಿ ಕೇಳಿ ಕಾಶವ್ವನ ಎದೆ ಹಾರಿತು. ಮಗಳು ಸಾವಂತ್ರಿ! ಅಜ್ಜಿಕತೆಯ ರಾಜಕುಮಾರ ರಾಜಕುಮಾರಿಯನ್ನು ಏಳು ಕೋಟೆ ದಾಟಿಸಿದ ಹಾಗೆ ಮಗಳು ಅವಳನ್ನು ಸರಸರನೆ ನಡೆಸಿಕೊಂಡು ಬಂದಳು. ಸೇತುವೆಗೆ ಹತ್ತೇ ಹೆಜ್ಜೆ ಇದ್ದಾಗ ಕಾಶವ್ವ ಜಾರಿ ಕುಕ್ಕರಿಸಿದಳು.

"ಯವ್ವಾ, ನನ್ನ ಸೊಂಟ!"

"ಕೇಳಿದಿಯೇನ? ಥೇಟ್ ನಮ್ಮವ್ವನ ದನಿ!" ಸಾವಂತ್ರಿ ಪಕ್ಕದಲ್ಲಿದ್ದ ಗೆಳತಿಗೆ ಅಂದಳು.

"ಲೇ ಹುಚ್ಚಿ, ಸೇತುವೆ ದಾಟಿಸು, ಗೆಲ್ತಿ!" ಎಂದಳು ಗೆಳತಿ.

"ಗೆದ್ದರ ಆಟ ಮುಗೀತೈತಲ್ಲ. ಇನ್ನೊಮ್ಮೆ ಕೇಳ್ತೀನಿ, ತಡಿ."

ಕಾಶವ್ವನ ಕಾಲುಗಳು ತಾವಾಗಿಯೇ ಬಂಡೆಯ ಅಂಚಿಗೆ ತಿರುಗಿದವು. ಕೂಗದಿದ್ದರೆ ಮಗಳು ಬೀಳಿಸುವುದನ್ನು ಬಿಟ್ಟಾಳೆಂದು ಅವಳು ತುಟಿ ಕಚ್ಚಿಕೊಂಡೇ ಬಿದ್ದಳು, ಸೊಲ್ಲೆತ್ತದೆ ಸತ್ತಳು.

"ದನೀನ ಬರಲಿಲ್ಲ," ಸಾವಂತ್ರಿ ಅಳುತ್ತ ಅಂದಳು. "ಇದಕ್ಕಿಂತ ಎತ್ತರದ ಗುಡ್ಡ ಎಲ್ಲೈತಿ?"